ಕಾರ್ಡ್ ಹೋಗಿದೆ ಎನ್ನುವ ಮೊದಲು

ದಾವಣಗೆರೆಯಲ್ಲಿ ಮದುವೆ ಸೀಸನ್ನೂ ಬೇಸಿಗೆಯೂ ಒಟ್ಟಿಗೇ ಬರುತ್ತವೆ. ಹೊರಗೆ 38 ಡಿಗ್ರಿ ಬಿಸಿಲು ಕಾಯುತ್ತಿರುವಾಗ ಫೋಟೋ ಸ್ಟುಡಿಯೋಗಳ ಒಳಗೆ ಮೂರು ಮೂರು ಗಂಟೆಯ ಮದುವೆ ವಿಡಿಯೋ ರೆಂಡರ್ ಆಗುತ್ತಿರುತ್ತದೆ, ಅಂದರೆ ಎಡಿಟ್ ಮಾಡಿದ್ದು ಪೂರ್ತಿ ಫೈಲಾಗಿ ತಯಾರಾಗುತ್ತಿರುತ್ತದೆ. ಕಂಪ್ಯೂಟರಿನ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್‌ಗಳು ಕೈಕೊಡುವುದೂ ಆಗಲೇ. ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ, ಇಲ್ಲವೇ ಹಸಿರು, ಗುಲಾಬಿ ಚೌಕಗಳು ಏಳುತ್ತವೆ. ಸರ್ವಿಸ್ ಅಂಗಡಿಗೆ ಫೋನ್ ಹೋಗುತ್ತದೆ: "ಅಣ್ಣಾ, ಡಿಸ್‌ಪ್ಲೇ ಬರ್ತಿಲ್ಲ, ಕಾರ್ಡ್ ಹೋಗೈತಿ."

ಆ ತೀರ್ಪು ಕೊಟ್ಟಾದ ಮೇಲೆ ಕಾರ್ಡನ್ನು ಹಳೇ ಪೇಪರ್‌ನಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕುತ್ತಾರೆ. 260 ಕಿಲೋಮೀಟರ್ ದೂರದ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್‌ಪಿ ರಸ್ತೆಯಲ್ಲಿ ಅದನ್ನು ಬೇರೆ ಮಷಿನ್‌ಗೆ ಹಾಕಿ ನೋಡಿದರೆ ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತದೆ. ವಾಪಸ್ ಬಂದು ಹಳೇ ಕ್ಯಾಬಿನೆಟ್ ಸೇರಿದ ದಿನವೇ ಮತ್ತೆ ಅದೇ ಕಪ್ಪು ಪರದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತಪ್ಪು ಕರೆಂಟಿನದೋ ಕೇಬಲ್ಲಿನದೋ ದೂಳಿನದೋ ಆಗಿರುತ್ತದೆ, ಬರೆ ಬೀಳುವುದು ಕಾರ್ಡಿನ ಮೇಲೆ. ಕಾರ್ಡ್ ನಿಜಕ್ಕೂ ಸಾಯುವುದಿಲ್ಲ ಎಂದಲ್ಲ. ಆದರೆ ಆ ಮಾತು ಕೊನೆಗೆ ಬರಬೇಕಾದ್ದು.

ಏನು ಕೆಟ್ಟಿದೆ ಎಂದು ಕೇಳುವ ಮೊದಲು ಯಾವಾಗ ಕೆಡುತ್ತದೆ ಎಂದು ಕೇಳಬೇಕು. ಬಟನ್ ಒತ್ತಿದ ಕ್ಷಣದಿಂದಲೇ ಪರದೆ ಕಪ್ಪಾಗಿದ್ದರೆ ಕೇಬಲ್, ಸ್ಲಾಟ್, ಪವರ್ ಪಿನ್ ಕಡೆ ನೋಡಬೇಕು. ಬಯಾಸ್ (ಮಷಿನ್ ಎಬ್ಬಿಸುವ, ಮದರ್‌ಬೋರ್ಡಿನೊಳಗಿನ ಪ್ರೋಗ್ರಾಮ್) ಲೋಗೋ ಚೆನ್ನಾಗಿ ಕಂಡು, ವಿಂಡೋಸ್ ಒಳಗೆ ಹೋಗುವ ಹೊತ್ತಿಗೆ ಕಪ್ಪಾದರೆ ಮೊದಲ ಅನುಮಾನ ಡ್ರೈವರ್ (ವಿಂಡೋಸ್‌ಗೂ ಕಾರ್ಡಿಗೂ ನಡುವಿನ ಸಾಫ್ಟ್‌ವೇರ್) ಮೇಲೆ. ಡೆಸ್ಕ್‌ಟಾಪ್ ಆರಾಮಾಗಿದ್ದು, ರೆಂಡರ್ ಒತ್ತಿದ ಒಂದೆರಡು ಸೆಕೆಂಡಿನಲ್ಲೇ ಮಷಿನ್ ಬಿದ್ದರೆ ಕರೆಂಟು ಸಾಲುತ್ತಿಲ್ಲ. ಇಪ್ಪತ್ತು ನಿಮಿಷ ಓಡಿ ಬಿದ್ದರೆ ಅದು ಶಾಖ. ಈ ನಾಲ್ಕು ಬಿಟ್ಟು ಐದನೆಯದೂ ಉಂಟು: ಬಯಾಸ್ ಪರದೆಯಲ್ಲೇ ಗೆರೆ, ಚುಕ್ಕಿ, ಮುರಿದ ಅಕ್ಷರ. ಅಲ್ಲಿ ಮಾತ್ರ ಕಾರ್ಡಿನ ಚಿಪ್ಪಿನ ಬಗ್ಗೆ ಚಿಂತೆ ಮಾಡಬೇಕು.

ಮೊದಲನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಹಾಕದೆ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿರುವುದು ಅತಿ ಸಾಮಾನ್ಯವಾದ ತಪ್ಪು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಚಿಪ್‌ಗಳಲ್ಲಿ, ರೈಜನ್ 5 3600ರಂಥ ಚಿಪ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಹಾಗಾಗಿ ಆ ಮದರ್‌ಬೋರ್ಡ್ ಪೋರ್ಟಿನಲ್ಲಿ ಚಿತ್ರ ಬರುವ ಮಾತೇ ಇಲ್ಲ. ಒಳಗಿನ ಗ್ರಾಫಿಕ್ಸ್ ಇದ್ದರೆ ಅದೇ ದೊಡ್ಡ ಉಪಕಾರ: ಕಾರ್ಡನ್ನು ಪೂರ್ತಿ ತೆಗೆದಿಟ್ಟು ಮದರ್‌ಬೋರ್ಡ್ ಪೋರ್ಟಿನಿಂದ ಚಿತ್ರ ಬರುತ್ತದೆಯೇ ನೋಡಿ. ಬಂದರೆ ರ‍್ಯಾಮ್, ಪ್ರೊಸೆಸರ್, ಮಾನಿಟರ್ ಮೂರರ ಮೇಲಿನ ಅನುಮಾನವೂ ಒಂದೇ ಏಟಿಗೆ ಕಳೆಯಿತು. ಬರದಿದ್ದರೆ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ನೋಡಿ. ಡಿಸ್‌ಪ್ಲೇ ಬರದಿರುವುದಕ್ಕೆ ರ‍್ಯಾಮ್ ಕೂಡ ಕಾರ್ಡಿನಷ್ಟೇ ಕಾರಣ.

ಕಾರ್ಡ್ ತೆಗೆಯುವಾಗ ಕರೆಂಟು ಬಂದ್ ಮಾಡಿ, ಪಿನ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹ ಮುಟ್ಟಿ ಆಮೇಲೆ ಕಾರ್ಡ್ ಮುಟ್ಟಿ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣ ಹವೆಯಲ್ಲಿ ಮೈಮೇಲಿನ ಸ್ಟ್ಯಾಟಿಕ್ ಚಾರ್ಜ್ ಸಣ್ಣದೇನಲ್ಲ. ಸ್ಲಾಟಿನ ಹಿಂತುದಿಯ ಲಾಕ್ ಒತ್ತಿ ಕಾರ್ಡ್ ಎತ್ತಿದರೆ ಚಿನ್ನದ ಬಣ್ಣದ ಹಲ್ಲುಗಳು ಕಾಣುತ್ತವೆ. ಆ ಲೇಪನ ಕೂದಲಿಗಿಂತ ತೆಳು. ಮೆತ್ತನೆ ಬಿಳಿ ಪೆನ್ಸಿಲ್ ರಬ್ಬರಿನಿಂದ ಹಲ್ಲಿನ ಉದ್ದಕ್ಕೆ ಎರಡು ಸಲ ಹಗುರಾಗಿ ಎಳೆದು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಲ್ಲಿ ರಬ್ಬರ್ ಚೂರು ಒರೆಸಿದರೆ ಸಾಕು. ಪೆನ್ನಿನ ಗಟ್ಟಿ ರಬ್ಬರ್ ತಂದು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಚಿನ್ನವೇ ಹೋಗಿ ತಾಮ್ರ ಕಾಣುತ್ತದೆ. ವಾಪಸ್ ಕೂರಿಸುವಾಗ ಲಾಕ್ ಟಕ್ ಎನ್ನಬೇಕು. ಭಾರದ ಕಾರ್ಡ್ ಬಾಗಿ ಒಂದು ತುದಿ ಸ್ಲಾಟಿನಿಂದ ಎದ್ದಿದ್ದರೆ ಕೆಳಗೆ ಒಂದು ಆಸರೆ ಕೊಡಿ. ಕಾಂಟ್ಯಾಕ್ಟ್ ಪೂರ್ತಿ ಇದೆಯೇ ಎಂಬುದು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರಿನಲ್ಲಿ ಗೊತ್ತಾಗುತ್ತದೆ: ಲೋಡ್ (ಭಾರೀ ಕೆಲಸ) ಇರುವಾಗ ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಎಕ್ಸ್16 (ಡೇಟಾಕ್ಕೆ ಹದಿನಾರು ದಾರಿ) ಇರಬೇಕಾದ ಕಡೆ ಎಕ್ಸ್8 ಅಥವಾ ಎಕ್ಸ್1 ತೋರಿಸಿದರೆ ಹಲ್ಲೋ ಸ್ಲಾಟೋ ಕೊಳೆಯಾಗಿರಬಹುದು. ಕೆಲವು ಕಾರ್ಡ್‌ಗಳು ಹುಟ್ಟಿನಿಂದಲೇ ಎಕ್ಸ್8, ಅದನ್ನು ಮೊದಲೇ ತಿಳಿದುಕೊಂಡಿರಿ.

ಹೊಸ ಬೋರ್ಡಿಗೆ ತೀರಾ ಹಳೇ ಕಾರ್ಡ್ ಹಾಕಿದಾಗಿನ ಕಪ್ಪು ಪರದೆಯದು ಬೇರೆ ಕಥೆ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಪದ್ಧತಿಗೆ ಹೊಂದಿಕೊಳ್ಳುವ ಆಯ್ಕೆ) ಬಂದ್ ಇದ್ದರೆ ಯುಇಎಫ್‌ಐ (ಬಯಾಸ್‌ನ ಹೊಸ ಪದ್ಧತಿ) ಬೆಂಬಲ ಇಲ್ಲದ ಕಾರ್ಡ್ ಚಿತ್ರ ಕೊಡುವುದಿಲ್ಲ. ಕಾರ್ಡಿಗೇನೂ ಆಗಿಲ್ಲ, ಎರಡಕ್ಕೂ ಭಾಷೆ ಹೊಂದಿಲ್ಲ ಅಷ್ಟೆ.

ಇನ್ನು ಕರೆಂಟಿನ ಮಾತು. ನಮ್ಮ ಕಡೆ ಹೆಚ್ಚು ಕಾರ್ಡ್‌ಗಳ ಮೇಲೆ ಸುಳ್ಳು ಆರೋಪ ಬರುವುದು ಇಲ್ಲಿಂದಲೇ.

ಲೆಕ್ಕ ಹೀಗಿದೆ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್‌ವರೆಗೆ ಕೊಡುತ್ತದೆ. 6 ಪಿನ್ನಿನ ಕನೆಕ್ಟರ್ ಇನ್ನೊಂದು 75, 8 ಪಿನ್ನಿನದು 150. ಜಿಟಿಎಕ್ಸ್ 1650 ಹೆಚ್ಚಾಗಿ ಸ್ಲಾಟಿನ ಕರೆಂಟಿನಲ್ಲೇ ನಡೆಯುತ್ತದೆ, 1660 ಸೂಪರ್ 125 ವ್ಯಾಟ್ ಕೇಳುತ್ತದೆ, ಆರ್‌ಟಿಎಕ್ಸ್ 3060 170, ಆರ್‌ಎಕ್ಸ್ 580 185. ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಎಂಬಂತೆ ಬರುವ ಎಸ್‌ಎಂಪಿಎಸ್ (ಮಷಿನ್ನಿಗೆ ಕರೆಂಟು ಹಂಚುವ ಡಬ್ಬಿ) ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಆ ಸಂಖ್ಯೆ ಬಿಟ್ಟು ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಓದಿ. 12 ವೋಲ್ಟಿಗೆ 16 ಆಂಪಿಯರ್ ಎಂದಿದ್ದರೆ ಅದು 192 ವ್ಯಾಟ್. ಪ್ರೊಸೆಸರ್ರೂ ಕಾರ್ಡೂ ಹಂಚಿಕೊಂಡು ತಿನ್ನಬೇಕಾದ ಅನ್ನ ಅಷ್ಟೇ. ಅದರ ಮೇಲೆ 8 ಪಿನ್ ಇಲ್ಲವೆಂದು ಹಾರ್ಡ್ ಡಿಸ್ಕಿಗೆಂದು ಇರುವ ಸಾಟಾ ಪವರ್ ವೈರಿನಿಂದ ಕನ್ವರ್ಟರ್ ಹಾಕುತ್ತಾರೆ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್‌ಗಳ ಮಿತಿ 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರಿಂದ 150 ಎಳೆದರೆ ಕನೆಕ್ಟರ್ ಕರಗುತ್ತದೆ. ಕರಗಿದ ಪ್ಲಾಸ್ಟಿಕ್ ವಾಸನೆಗೆ ಕಾರ್ಡ್ ಸುಟ್ಟಿತು ಎನ್ನುತ್ತಾರೆ.

ಅಳೆದು ನೋಡುವುದು ಕಷ್ಟವಲ್ಲ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಾರ್ಡಿಗೆ ಹಾಕಿರುವ ಪವರ್ ಪ್ಲಗ್ಗಿನ ಹಿಂಬದಿಯಿಂದ ಕೆಂಪು ತುದಿಯನ್ನು ಹಳದಿ ವೈರಿಗೆ, ಕಪ್ಪು ತುದಿಯನ್ನು ಕಪ್ಪು ವೈರಿಗೆ ತಾಗಿಸಿ. ಸುಮ್ಮನಿದ್ದಾಗಿನ ಅಳತೆಯಿಂದ ಉಪಯೋಗವಿಲ್ಲ, ಲೋಡ್ ಕೊಟ್ಟು ನೋಡಬೇಕು. ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ನಿಯಮದಂತೆ 12 ವೋಲ್ಟ್ ಸಾಲು 5 ಶೇಕಡಾ ಆಚೀಚೆ ಹೋಗಬಹುದು, 11.4ರಿಂದ 12.6ರವರೆಗೆ. 11.4ಕ್ಕಿಂತ ಇಳಿದರೆ ಎಸ್‌ಎಂಪಿಎಸ್ ಬದಲಿಸಿ, ಚರ್ಚೆ ಬೇಡ. ಆದರೆ ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಎಸ್‌ಎಂಪಿಎಸ್ ನಿರ್ದೋಷಿಯಲ್ಲ. ಕಾರ್ಡ್‌ಗಳು ಕೆಲವು ಮಿಲಿಸೆಕೆಂಡ್ ಹೊತ್ತು ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆಯುತ್ತವೆ, ಆ ಜಿಗಿತವನ್ನು ಸಾಮಾನ್ಯ ಮೀಟರ್ ಹಿಡಿಯಲಾರದು. ಅದಕ್ಕೆ ಇನ್ನೊಂದು ಉಪಾಯ: ಕಾರ್ಡಿನ ವೇಗ, ಕರೆಂಟು ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟನ್ನು 70 ಶೇಕಡಾಕ್ಕೆ ಇಳಿಸಿ ಅದೇ ರೆಂಡರ್ ಮತ್ತೆ ಓಡಿಸಿ. ಬೀಳುವ ಮಷಿನ್ ಬೀಳದೆ ಮುಗಿಸಿದರೆ ತಪ್ಪು ಕರೆಂಟಿನದೋ ಶಾಖದ್ದೋ ಎಂಬುದು ಹೆಚ್ಚುಕಡಿಮೆ ಖಚಿತ. ಮಷಿನ್ ಪೂರ್ತಿ ರೀಸ್ಟಾರ್ಟ್ ಆಗಿ ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಬಂದ್ ಆಗದೆ ಮಷಿನ್ ಮತ್ತೆ ಎದ್ದಿದೆ ಎಂಬ ದಾಖಲೆ) ಮಾತ್ರ ಕಂಡರೆ ಎಸ್‌ಎಂಪಿಎಸ್ ಕಡೆ ನೋಡಿ. ಹಾಡು ಕೇಳುತ್ತಲೇ ಇದ್ದು ಪರದೆ ಮಾತ್ರ ಕಪ್ಪಾಗಿ, ಕಾರ್ಡಿನ ಫ್ಯಾನ್ ಭರ್ರೆಂದು ಪೂರ್ತಿ ಸ್ಪೀಡಿಗೆ ಹೋದರೆ ಕಾರ್ಡ್ ತಾನೇ ಕೈಬಿಟ್ಟಿದೆ. ಅದಕ್ಕೆ ಹೆಚ್ಚಿನ ಸಲ ಶಾಖವೇ ಕಾರಣ.

ಮಾಡ್ಯುಲರ್ (ವೈರು ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ನ ವೈರುಗಳನ್ನು ಒಂದು ಕಂಪನಿಯದರಿಂದ ಇನ್ನೊಂದಕ್ಕೆ ಹಾಕಬೇಡಿ. ಪ್ಲಗ್ ಕೂರುತ್ತದೆ, ಪಿನ್ನುಗಳ ಕ್ರಮ ಬೇರೆ ಇರುತ್ತದೆ. ಹಾಗೆಯೇ ಪ್ರೊಸೆಸರಿನ 4+4 ಪಿನ್ ಪ್ಲಗ್ಗನ್ನು ಕಾರ್ಡಿನ 8 ಪಿನ್ನಿಗೆ ಒತ್ತಾಯದಿಂದ ತುರುಕಿದರೆ 12 ವೋಲ್ಟ್ ಇರಬೇಕಾದ ಕಡೆ ಗ್ರೌಂಡ್ ಬರುತ್ತದೆ. ಕಾರ್ಡಿನ ಪ್ಲಗ್ 6+2, ಅದನ್ನು ನೋಡಿಯೇ ಹಾಕಿ.

ಯುಪಿಎಸ್‌ಗೂ ಇದೇ ಲೆಕ್ಕ. 600 ವಿಎ ಎಂದು ಬರೆದ ಡಬ್ಬಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ಕರೆಂಟು ಹೋದಾಗ ಖಾಲಿ ಡೆಸ್ಕ್‌ಟಾಪ್ ನಿಲ್ಲುತ್ತದೆ, ರೆಂಡರ್ ನಡೆಯುತ್ತಿದ್ದರೆ ಬೀಳುತ್ತದೆ. ಮನೆಯ ಇನ್ವರ್ಟರ್‌ನಿಂದ ನಡೆಸುವವರು ಅದನ್ನು ಯುಪಿಎಸ್ ಮೋಡ್‌ಗೆ ಹಾಕಿರಬೇಕು. ಕರೆಂಟು ಹೋಗಿ ಇನ್ವರ್ಟರ್ ಶುರುವಾಗುವ ನಡುವೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಒಳ್ಳೆಯ ಕಾರ್ಡ್ ಕೊಳ್ಳುವ ಮೊದಲು ಸೈನ್ ವೇವ್‌ನದು ಕೊಳ್ಳಿ.

ಅರ್ಥಿಂಗ್ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಜನ ನಕ್ಕು ಬಿಟ್ಟುಬಿಡುತ್ತಾರೆ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರ್‌ಗಳು ಸಣ್ಣ ಸೋರಿಕೆಯನ್ನು ಅರ್ಥ್ ವೈರಿಗೆ ಬಿಡುವಂತೆ ಮಾಡಿರುತ್ತಾರೆ. ಅರ್ಥ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಲೈನಿನ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟು ತೀರಾ ಕಡಿಮೆ, ಹಾಗಾಗಿ ಜುಮ್ ಎಂದಷ್ಟೇ ಅನಿಸುತ್ತದೆ. ಆದರೆ ಸ್ಟುಡಿಯೋದವರು ಗಿರಾಕಿಗೆ ವಿಡಿಯೋ ತೋರಿಸಲು ಅದೇ ಮಷಿನ್ನಿನಿಂದ ಗೋಡೆಯ ಟಿವಿಗೆ ಎಚ್‌ಡಿಎಂಐ ಎಳೆಯುತ್ತಾರೆ. ಟಿವಿಗೆ ಕೇಬಲ್ ಆಪರೇಟರಿನ ವೈರೂ ಸೇರಿರುತ್ತದೆ, ಅದರ ಗ್ರೌಂಡ್ ಇನ್ನೆಲ್ಲೋ. ಎರಡೂ ಆನ್ ಇರುವಾಗ ಪ್ಲಗ್ ಹಾಕಿದ ಕ್ಷಣ ಆ ವ್ಯತ್ಯಾಸವೆಲ್ಲ ಪುಟ್ಟ ಪಿನ್ನುಗಳ ಮೂಲಕ ಹರಿಯುತ್ತದೆ. ಕೆಲವು ಸಲ ಚುಟ್ ಎಂಬ ಕಿಡಿಯೂ ಕಾಣುತ್ತದೆ. ಎಚ್‌ಡಿಎಂಐ ಪೋರ್ಟ್ ಮಾತ್ರ ಸತ್ತು ಪಕ್ಕದ ಡಿಸ್‌ಪ್ಲೇಪೋರ್ಟ್ ಬದುಕಿರುವ ಕಾರ್ಡ್ ಕಂಡರೆ ಮೊದಲು ಈ ಟಿವಿ ವೈರನ್ನು ಹುಡುಕಿ.

ಗೋಡೆಯ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ: ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಹಳೇ ಕಟ್ಟಡಗಳಲ್ಲಿ ಮೂರನೇ ತೂತು ಬರೀ ತೂತು, ಹಿಂದೆ ವೈರೇ ಇರುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿ ಇದ್ದರೂ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಸತ್ತಂತಾಗುತ್ತದೆ, ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಬೇಕು. ಟಿವಿಗೆ ವೈರ್ ಹಾಕುವುದು ಎರಡೂ ಬಂದ್ ಇರುವಾಗ ಮಾತ್ರ.

ಶಾಖಕ್ಕೆ ಬರೋಣ. ಒಂದೇ ಕೆಲಸ, ಒಂದೇ ಫ್ಯಾನ್ ಸ್ಪೀಡು ಎಂದಾದರೆ ಕಾರ್ಡ್ ಕೋಣೆಯ ಶಾಖಕ್ಕಿಂತ ಹೆಚ್ಚುಕಡಿಮೆ ಇಷ್ಟೇ ಡಿಗ್ರಿ ಮೇಲೆ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ 22 ಡಿಗ್ರಿ ಕೋಣೆಯಲ್ಲಿ 68 ತೋರಿಸುತ್ತಿದ್ದ ಕಾರ್ಡ್, ಏಪ್ರಿಲ್‌ನ 36 ಡಿಗ್ರಿ ಕೋಣೆಯಲ್ಲಿ 82ಕ್ಕೆ ಹೋಗುತ್ತದೆ. ಎನ್‌ವಿಡಿಯಾದ ಎಷ್ಟೋ ಕಾರ್ಡ್‌ಗಳು 83ರ ಸುತ್ತ ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ. ಅಂದರೆ ಚಳಿಗಾಲದಲ್ಲಿ ಪರೀಕ್ಷೆ ಪಾಸಾದ ಕಾರ್ಡ್ ಬೇಸಿಗೆಯಲ್ಲಿ ಫೇಲ್ ಆದರೆ ಅದು ಹೊಸ ಕಾಯಿಲೆಯಲ್ಲ. ಡಿಗ್ರಿ ನೋಡುವಾಗ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರಿನಲ್ಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್ಪು) ತಾಪಮಾನದ ಜೊತೆ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಸಾಲನ್ನೂ ನೋಡಿ. ಎರಡರ ನಡುವೆ 10–15 ಡಿಗ್ರಿ ಸಹಜ. 25 ದಾಟಿದ್ದರೆ ಚಿಪ್ಪಿಗೂ ಹೀಟ್‌ಸಿಂಕಿಗೂ (ಶಾಖ ಹೀರುವ ಲೋಹದ ರೆಕ್ಕೆಗಳು) ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಸಮನಾಗಿ ಕೂತಿಲ್ಲ. ಎರಡೂ ಒಟ್ಟಿಗೆ ಏರಿದ್ದರೆ ದೂಳು ಅಥವಾ ಫ್ಯಾನ್. ಕೆಲಸವಿಲ್ಲದಾಗ ಫ್ಯಾನ್ ತಿರುಗದಿರುವುದು ದೋಷವಲ್ಲ, ಬಹಳ ಕಾರ್ಡ್‌ಗಳು 50–60 ಡಿಗ್ರಿವರೆಗೆ ಫ್ಯಾನ್ ನಿಲ್ಲಿಸಿಯೇ ಇರುತ್ತವೆ.

ಊರಿಗೊಂದು ದೂಳು. ಚಿತ್ರದುರ್ಗದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಒಣ ಮಣ್ಣಿನ ಪುಡಿಯನ್ನೂ ಹೊತ್ತು ತರುತ್ತದೆ. ಅದು ಒಣ ದೂಳು, ಊದಿದರೆ ಹೋಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ, ಅಕ್ಕಿ ಗಿರಣಿಗಳ ಹೊಟ್ಟು, ಕೆಳಗೆ ಬೆಣ್ಣೆದೋಸೆ ಹೋಟೆಲ್ ಇದ್ದರೆ ಅದರ ಜಿಡ್ಡು ಎಲ್ಲ ಸೇರಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತದೆ. ಅದಕ್ಕೆ ಬ್ಲೋಯರ್ ಸಾಲದು, ಹಳೇ ಹಲ್ಲುಜ್ಜುವ ಬ್ರಷ್ಷೂ ಆಲ್ಕೋಹಾಲೂ ಬೇಕು. ಪೆಟ್ರೋಲ್, ಥಿನ್ನರ್ ಬೇಡ, ಪ್ಲಾಸ್ಟಿಕ್ ತಿನ್ನುತ್ತವೆ. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿಯಿರಿ. ಬ್ಲೋಯರಿನ ಗಾಳಿಗೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಪೇಸ್ಟ್ ಬದಲಿಸುವುದಾದರೆ ವಾರಂಟಿ ಮುಗಿದಿದೆಯೇ ಮೊದಲು ನೋಡಿ. ಬಿಚ್ಚುವ ಮುಂಚೆ ಐದು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿದರೆ ಒಣಗಿದ ಪೇಸ್ಟ್ ಮೆತ್ತಗಾಗುತ್ತದೆ. ಹಿಂಬದಿಯಲ್ಲಿ ಚಿಪ್ಪಿನ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಅಡ್ಡಡ್ಡ ಕ್ರಮದಲ್ಲಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೀಟ್‌ಸಿಂಕನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ. ಬಿಟ್ಟುಕೊಂಡ ತಕ್ಷಣ ಎಳೆಯಬೇಡಿ, ಒಳಗೆ ಫ್ಯಾನಿನ ಎಳೆಯಂಥ ವೈರ್ ಇರುತ್ತದೆ. ತೆರೆದಾಗ ಕಾಣುವ ಕನ್ನಡಿಯಂಥ ಚೌಕವೇ ಚಿಪ್ಪು, ಸುತ್ತ ಸಾಸಿವೆಗಿಂತ ಸಣ್ಣ ಕೆಪ್ಯಾಸಿಟರ್‌ಗಳು. ಹಳೇ ಪೇಸ್ಟ್ ಸುಣ್ಣದಂತೆ ಉದುರಿದರೆ ಶಾಖದ ಕಾರಣ ಕಣ್ಣೆದುರೇ ಇದೆ. ಪ್ರೊಸೆಸರಿಗಿರುವ ಲೋಹದ ಮುಚ್ಚಳ ಇದಕ್ಕಿಲ್ಲ. ಆದ್ದರಿಂದ ನಡುವೆ ಒಂದು ಹನಿ ಇಟ್ಟು ಒತ್ತಿದರೆ ಸಾಲದು, ನಾಲ್ಕು ಮೂಲೆಗೂ ತೆಳುವಾಗಿ ಹರಡಿ. ಅರ್ಧ ಗ್ರಾಂ ಬೇಕಾದಷ್ಟಾಯಿತು. ಕರೆಂಟು ಹರಿಯುವ ಲಿಕ್ವಿಡ್ ಮೆಟಲ್ ಇಲ್ಲಿ ಬೇಡವೇ ಬೇಡ.

ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತನೆ ಥರ್ಮಲ್ ಪ್ಯಾಡ್ ಹರಿದಿದ್ದರೆ ಅದೇ ದಪ್ಪದ್ದನ್ನೇ ತರಬೇಕು. 1 ಮಿಲಿಮೀಟರ್ ಇದ್ದ ಕಡೆ 2 ಹಾಕಿದರೆ ಹೀಟ್‌ಸಿಂಕ್ ಚಿಪ್ಪಿನಿಂದಲೇ ಮೇಲೆದ್ದು ಹಾಟ್‌ಸ್ಪಾಟ್ ಮೊದಲಿಗಿಂತ ಏರುತ್ತದೆ. ಪೇಸ್ಟ್ ಹಾಕಿದ ಮೇಲೆ ಬಿಸಿ ಹೆಚ್ಚಾಯ್ತು ಎಂಬ ದೂರಿನ ಹಿಂದೆ ಬಹುತೇಕ ಇದೇ ಇರುತ್ತದೆ. ಫ್ಯಾನ್ ಗರಗರ ಎನ್ನುತ್ತಿದ್ದರೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಕೆಲವು ವಾರ ಸುಮ್ಮನಿರಿಸುತ್ತದೆ ಅಷ್ಟೇ. ಫ್ಯಾನಿನ ಹಿಂದಿನ ಸ್ಟಿಕ್ಕರಿನ ಮಾಡೆಲ್ ನಂಬರ್, ಎಲೆಯ ಅಗಲ, ಸ್ಕ್ರೂ ತೂತುಗಳ ಅಂತರ ಬರೆದುಕೊಂಡು ಹೊಸದೇ ತರಿಸಿ.

ಡ್ರೈವರ್ ಕೆಲಸ ಸುಲಭ, ಕ್ರಮ ತಪ್ಪಬಾರದು ಅಷ್ಟೇ. ಹೊಸ ಡ್ರೈವರ್ ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ ಡಿಡಿಯು ಎಂಬ ಡ್ರೈವರ್ ಅಳಿಸುವ ಸಾಫ್ಟ್‌ವೇರಿನಿಂದ ಹಳೆಯದನ್ನು ಬೇರುಸಹಿತ ತೆಗೆದು, ಮಾಮೂಲಿನಂತೆ ತೆರೆದು ಹೊಸದನ್ನು ಹಾಕಿ. ನೆಟ್ ಇದ್ದರೆ ನಡುವೆ ವಿಂಡೋಸ್ ತನಗೆ ತೋಚಿದ ಡ್ರೈವರ್ ತುರುಕುತ್ತದೆ. ಇವೆಂಟ್ ವ್ಯೂವರ್‌ನಲ್ಲಿ 4101 ಎಂದರೆ ಕಾರ್ಡ್ ಎರಡು ಸೆಕೆಂಡಿನೊಳಗೆ ಉತ್ತರ ಕೊಡಲಿಲ್ಲ, ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸಿತು ಎಂದರ್ಥ. ಇದೊಂದರಿಂದಲೇ ಡ್ರೈವರ್ ತಪ್ಪು ಎನ್ನಲಾಗದು, ಕರೆಂಟು ಕಡಿಮೆಯಾದರೂ ಇದೇ ಬರುತ್ತದೆ. ಫ್ಲೆಕ್ಸ್ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿರುವ ಜಿಟಿ 710ರಂಥ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ ಎನ್‌ವಿಡಿಯಾ 2021ರ ಅಕ್ಟೋಬರ್‌ನಲ್ಲೇ ಗೇಮ್ ರೆಡಿ ಡ್ರೈವರ್ ನಿಲ್ಲಿಸಿತು. ಅವಕ್ಕೆ ಹೊಸದನ್ನು ಹುಡುಕಬೇಡಿ, ಕೊನೆಯದನ್ನು ಜೋಪಾನವಾಗಿಡಿ.

ಚುಕ್ಕಿ, ಗೆರೆ ಬಂದಾಗ ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಮೊಬೈಲಿನಲ್ಲಿ ನೋಡಿ. ಸ್ಕ್ರೀನ್‌ಶಾಟ್ ಸ್ವಚ್ಛವಾಗಿದ್ದರೆ ಕಾರ್ಡ್ ಬರೆದ ಚಿತ್ರ ಸರಿಯಿದೆ, ಕೆಟ್ಟಿರುವುದು ಕೇಬಲ್, ಪೋರ್ಟ್ ಅಥವಾ ಮಾನಿಟರ್. ಅದರಲ್ಲೂ ಚುಕ್ಕಿ ಇದ್ದರೆ ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಕ್ಲಾಕನ್ನು 300 ಮೆಗಾಹರ್ಟ್ಸ್ ಇಳಿಸಿ. ಚುಕ್ಕಿ ಕಡಿಮೆಯಾದರೆ ಮೆಮೊರಿ ಚಿಪ್ಪು ಸೋಲುತ್ತಿದೆ. ಕಾರ್ಡಿನ ಮೇಲಿನ ಪವರ್ ಕನೆಕ್ಟರಿನಲ್ಲಿ ಮೀಟರಿನ ಓಮ್ ಅಳತೆಯೂ ಒಂದು ಸುಳಿವು: ಕಾರ್ಡ್ ಹೊರಗಿರುವಾಗ 12 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ನಡುವೆ ಸೊನ್ನೆಯ ಹತ್ತಿರ ಬಂದರೆ ಮಾಸ್‌ಫೆಟ್ (ಕರೆಂಟು ನಿಯಂತ್ರಿಸುವ ಪುಟ್ಟ ಭಾಗ) ಶಾರ್ಟ್ ಆಗಿದೆ. ಅಂಥ ಕಾರ್ಡನ್ನು ಮತ್ತೆ ಕರೆಂಟಿಗೆ ಹಾಕಬೇಡಿ. ಮಾಸ್‌ಫೆಟ್, ಮೆಮೊರಿ ಎರಡೂ ಬದಲಿಸಬಹುದಾದವು, ಚಿಪ್ಪು ಬಿಚ್ಚಿ ಬೆಸೆಯುವ ಬಿಜಿಎ ಸ್ಟೇಷನ್ ಇರುವ ಪಳಗಿದ ಕೈ ಬೇಕು. ಬೆಂಗಳೂರಿಗೆ ಕಳಿಸಲು ಇದು ಸರಿಯಾದ ಹೊತ್ತು.

ಓವನ್‌ನಲ್ಲಿ ಬೇಯಿಸುವುದು, ಹೀಟ್ ಗನ್ ಹಿಡಿಯುವುದು ರಿಪೇರಿಯಲ್ಲ. ಸೀಸವಿಲ್ಲದ ಬೆಸುಗೆ ಕರಗುವುದು 217 ಡಿಗ್ರಿಯಲ್ಲಿ, 200 ಡಿಗ್ರಿ ಓವನ್‌ಗೆ ಅದು ಕರಗುವುದೂ ಇಲ್ಲ. ಒಡಕು ಹೆಚ್ಚಾಗಿ ಇರುವುದು ಚಿಪ್ಪಿನ ಹೊಟ್ಟೆಯೊಳಗಿನ ಸೂಕ್ಷ್ಮ ಗುಬುಟುಗಳಲ್ಲಿ, ಬಿಸಿಗೆ ಅವು ಕೆಲವು ದಿನ ಕೂಡಿಕೊಂಡು ಮತ್ತೆ ಬಿಡುತ್ತವೆ. ಚಿಪ್ಪು ಮತ್ತು ಅದರ ಪ್ಯಾಕೇಜಿನ ಇಂಥ ದೌರ್ಬಲ್ಯಕ್ಕಾಗಿ 2008ರ ಜುಲೈಯಲ್ಲಿ ಎನ್‌ವಿಡಿಯಾವೇ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಹಾಗೆ ಬೇಯಿಸಿ ಎಬ್ಬಿಸಿದ ಕಾರ್ಡನ್ನು ಇನ್ನೊಬ್ಬರಿಗೆ ಮಾರುವುದು ಮೋಸ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಕಾರಣಕ್ಕೇ ಅರ್ಧ ಗಂಟೆ ಲೋಡ್ ಓಡಿಸದೆ ದುಡ್ಡು ಕೊಡಬಾರದು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ, ಆ ನಾಣ್ಯ ಗಳಿಸಲು ಹಗಲಿರುಳು ಓಡಿಸಿದ ಮೈನಿಂಗ್ ಕಾರ್ಡ್‌ಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ್ದೆಲ್ಲ ಕೆಟ್ಟದ್ದಲ್ಲ, ಆದರೆ ಅವುಗಳ ಬಯಾಸ್ (ಕಾರ್ಡಿನದೇ ಒಳ ಪ್ರೋಗ್ರಾಮ್) ಬದಲಾಗಿರಬಹುದು. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ ಜಿಪಿಯು-ಝಡ್ 2304 ಶೇಡರ್ (ಚಿಪ್ಪಿನೊಳಗಿನ ಲೆಕ್ಕ ಮಾಡುವ ಪುಟ್ಟ ಘಟಕ) ತೋರಿಸಬೇಕು, 2048 ಇದ್ದರೆ ಅದು 570ರ ಬಲದ್ದು. ಜಿಟಿಎಕ್ಸ್ 1050 ಟಿಐಗೆ 768. ಕಡಿಮೆ ಇದ್ದು ಹಳೇ ಚಿಪ್ಪಿನ ಹೆಸರು ಕಂಡರೆ ನಕಲಿ.

ಎಲ್ಲ ಮುಗಿಸಿ ಕ್ಯಾಬಿನೆಟ್ ಮುಚ್ಚಿದ ಮೇಲೆ ಪರೀಕ್ಷೆಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟುಕೊಳ್ಳಿ. ಅಂಗಡಿಯ ಬಾಗಿಲು ದಿನವೂ ಹೇಗಿರುತ್ತದೋ ಹಾಗೇ ಇರಲಿ, ಮಷಿನ್ ಅದರ ಮಾಮೂಲು ಮೂಲೆಯಲ್ಲೇ ಇರಲಿ. ಒಂದು ಗಂಟೆ ನಿಜವಾದ ರೆಂಡರ್ ಓಡಿಸಿ, ಕೋಣೆಯ ಡಿಗ್ರಿ, ಕಾರ್ಡಿನ ಡಿಗ್ರಿ, ಹಾಟ್‌ಸ್ಪಾಟ್, 12 ವೋಲ್ಟ್ ಸಾಲಿನ ಅಳತೆ, ತಾರೀಖು ಇಷ್ಟನ್ನೂ ಪೇಪರ್ ಟೇಪಿನ ಮೇಲೆ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಪರದೆ ಕಪ್ಪಾದರೆ ಮೊದಲು ತೆರೆದು ಓದಬೇಕಾದ್ದು ಆ ಟೇಪು.